ಗಣತಿದಾರರಿಗಿಂತ ಮೊದಲು ಬರುವವರು

ಬೆಂಗಳೂರಿನಲ್ಲಿ ಬಡಾವಣೆಗೊಂದು ಕ್ಷೇಮಾಭಿವೃದ್ಧಿ ಸಂಘ, ಸಂಘಕ್ಕೊಬ್ಬ ಕಾರ್ಯದರ್ಶಿ. ಅಧ್ಯಕ್ಷರೂ ಇರುತ್ತಾರೆ, ಲೆಟರ್‌ಹೆಡ್ಡಿನಲ್ಲಿ. ಕೆಲಸದಿಂದ ನಿವೃತ್ತರಾದರೂ ಸುತ್ತೋಲೆ ಹೊರಡಿಸುವ ಚಟದಿಂದ ನಿವೃತ್ತರಾಗದವರು ನಮ್ಮ ಕಾರ್ಯದರ್ಶಿಗಳು. ನೀರಿನ ಟ್ಯಾಂಕರು, ಬೀದಿನಾಯಿ, ಹಸಿಕಸ-ಒಣಕಸದಲ್ಲೇ ಸವೆಯುತ್ತಿರುವ ಇಂಥವರಿಗೆ ಜನಗಣತಿಯೆಂದರೆ ಹತ್ತು ವರ್ಷಕ್ಕೊಮ್ಮೆ ಬರುವ ಜಾತ್ರೆ. 2021ರ ಜಾತ್ರೆ ಕೋವಿಡ್ಡಿನಿಂದ ತಪ್ಪಿ 2027ಕ್ಕೆ ಜರುಗಿದ್ದರಿಂದ ಹಸಿವು ಈಗ ಹದಿನಾರು ವರ್ಷದ್ದು. ಲಿಫ್ಟಿನಲ್ಲಿ ಅಂಟಿಸಿದ ಪ್ರಕಟಣೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ 'ದಯವಿಟ್ಟು ಗಮನಿಸಿ', ಪಾರ್ಕಿನಲ್ಲಿ ಬೀಸುಗಾಲು ಹಾಕುವವರನ್ನು ಅಡ್ಡಗಟ್ಟಿ 'ಬರೆಸೋದು ಮರೀಬೇಡಿ ಸಾರ್' ಎಂಬ ತಾಕೀತು. ಯಾವ ಮನೆಯಲ್ಲಿ ಎಷ್ಟು ತಲೆ ಎಂಬುದು ಅವರಿಗೆ ಮೊದಲೇ ಗೊತ್ತು. ಹಾಗಿದ್ದೂ ಕೇಳುವುದು ಬರೀ ಶಿಷ್ಟಾಚಾರ.

ಇವರನ್ನು ನೋಡಿ ನಗುವುದು ಸುಲಭ. ಆದರೆ ಗಣತಿಗೆ ಇಂಥವರು ಬೇಕೇ ಬೇಕು. ಕಾನೂನು ಇದೆಯಲ್ಲ, 1948ರ ಜನಗಣತಿ ಕಾಯ್ದೆಯ ಪ್ರಕಾರ ಉತ್ತರಿಸದಿದ್ದರೆ ಸಾವಿರ ರೂಪಾಯಿವರೆಗೆ ದಂಡವಿದೆಯಲ್ಲ ಎನ್ನಬಹುದು. ಸಾವಿರ ರೂಪಾಯಿಗೆ ಹೆದರಿ ಬಾಗಿಲು ತೆರೆಯುವ ಕಾಲ ಇದಲ್ಲ. ಈ ಸಲ ಮೊಬೈಲಿನಲ್ಲೇ ಸ್ವಯಂ ಗಣತಿ ಇರುವಾಗ ಕಾರ್ಯದರ್ಶಿ ಯಾಕೆ ಎಂದೂ ಕೇಳಬಹುದು. ತಾನಾಗಿ ತುಂಬುವವರಿಗೆ ಹೇಗೂ ಯಾರ ಒತ್ತಾಯವೂ ಬೇಕಿಲ್ಲ. ಬೇಕಾದದ್ದು ಗಣತಿಗೆ ಬಂದ ಅಪರಿಚಿತ ಮೇಷ್ಟ್ರು ಬೆಲ್ ಒತ್ತಿದರೆ ಪೀಪ್‌ಹೋಲಿನಲ್ಲಿ ನೋಡಿ ಟಿವಿಯ ಸದ್ದು ತಗ್ಗಿಸುವವರಿಗೆ. ಅಂಥ ಬಾಗಿಲು ತೆರೆಸುವುದು ಪರಿಚಿತ ಮುಖವೇ. ಮೇಂಟೆನೆನ್ಸ್ ಬಾಕಿಗಾಗಿ ತಿಂಗಳು ತಿಂಗಳೂ ಬಂದು ನಿಲ್ಲುವ ಮುಖಕ್ಕಿಂತ ಪರಿಚಿತವಾದದ್ದು ಯಾವುದು?

ತೊಂದರೆ ಇರುವುದು ಕಾರ್ಯದರ್ಶಿಗಳ ಉತ್ಸಾಹದಲ್ಲಲ್ಲ, ಅದರ ವಿಳಾಸದಲ್ಲಿ. 2011ರ ಎಣಿಕೆ ಮುಗಿದ ಮೇಲೆ ಸರ್ಕಾರವೇ ಮಾದರಿ ಸಮೀಕ್ಷೆ ನಡೆಸಿ ಲೆಕ್ಕ ತಾಳೆ ನೋಡಿದಾಗ, ಸಾವಿರಕ್ಕೆ ಸುಮಾರು 23 ಜನ ಬಿಟ್ಟುಹೋಗಿದ್ದರು. ಹಳ್ಳಿಗಳಿಗಿಂತ ನಗರಗಳಲ್ಲೇ ಹೆಚ್ಚು. ಮೂರು ಬೆಡ್‌ರೂಮಿನ ಫ್ಲಾಟುಗಳಲ್ಲಿ ಜನ ಅಷ್ಟು ಸುಲಭವಾಗಿ ಕಳೆದುಹೋಗುವುದಿಲ್ಲ. ಪಾರ್ಕಿಂಗ್ ಪಕ್ಕದ ಪಂಪ್‌ರೂಮಿಗೆ ಅಂಟಿಕೊಂಡ ಕೋಣೆಯಲ್ಲಿ ಸಂಸಾರ ಹೂಡಿರುವ ವಾಚ್‌ಮನ್, ಒಂದು ಕೋಣೆಗೆ ನಾಲ್ಕು ಮಂಚ ಹಾಕಿದ ಪಿಜಿ, ಎದುರಿನ ಸೈಟಿನಲ್ಲಿ ಅಪಾರ್ಟ್‌ಮೆಂಟ್ ಕಟ್ಟುತ್ತ ತಗಡಿನ ಶೆಡ್ಡಿನಲ್ಲಿ ಮಲಗುವವರು, ಲೆಕ್ಕ ತಪ್ಪುವುದು ಇಂಥಲ್ಲಿ. ವಾಚ್‌ಮನ್ ತೂಕಡಿಸಿದ್ದು ರಾತ್ರಿ ಎಷ್ಟು ಗಂಟೆಗೆ ಎಂಬುದು ಕಾರ್ಯದರ್ಶಿಗಳಿಗೆ ಸಿಸಿಟಿವಿ ಸಾಕ್ಷಿಯಾಗಿ ಗೊತ್ತು. ಅವನ ಮಕ್ಕಳೆಷ್ಟು ಎಂದರೆ ಗೊತ್ತಿಲ್ಲ. ಪಿಜಿಯಂತೂ ಅವರ ಪಾಲಿಗೆ ವಾಸಸ್ಥಳವೇ ಅಲ್ಲ, ದೂರು.

ಕೇಳಿದರೆ ಅವರ ಸಮಜಾಯಿಷಿ ಸಿದ್ಧ: 'ಅವರು ಇಲ್ಲಿಯವರಲ್ಲ ಸಾರ್, ಊರಲ್ಲಿ ಬರೆಸ್ಕೋತಾರೆ.' ನ್ಯಾಯವಾಗಿ ಕಾಣುವ ಈ ಮಾತೇ ಲೆಕ್ಕವನ್ನು ಕೆಡಿಸುವುದು. ಗಣತಿ ಕೇಳುವುದು ಹುಟ್ಟೂರನ್ನಲ್ಲ, ಎಣಿಕೆಯ ದಿನಗಳಲ್ಲಿ ವಾಸ ಎಲ್ಲಿ ಎಂಬುದನ್ನು. ಫೆಬ್ರವರಿಯುದ್ದಕ್ಕೂ ಇಲ್ಲೇ ಗೇಟು ಕಾಯ್ದ ರಾಯಚೂರಿನವನನ್ನು ರಾಯಚೂರಿನಲ್ಲಿ ಬರೆದುಕೊಳ್ಳುವಂತಿಲ್ಲ. ಇಲ್ಲಿಯೂ ಬಿಟ್ಟರೆ ಅವನು ಎಲ್ಲಿಯೂ ಇಲ್ಲ. ಸೂರಿಲ್ಲದವರನ್ನೂ ಲೆಕ್ಕ ಬಿಡುವುದಿಲ್ಲ: 2011ರಲ್ಲಿ ಫೆಬ್ರವರಿ 28ರ ರಾತ್ರಿ ಗಣತಿದಾರರು ಫುಟ್‌ಪಾತು, ರೈಲು ನಿಲ್ದಾಣಗಳಿಗೆ ಹೋಗಿ ಎಣಿಸಿದ್ದರು. ಸೂರೇ ಇಲ್ಲದವರಿಗೆ ಲೆಕ್ಕದಲ್ಲಿ ಜಾಗವಿರುವಾಗ, ಸಂಘದ ಪಂಪ್‌ರೂಮಿನ ಸೂರು ಏನು ತಪ್ಪು ಮಾಡಿದೆ? ಬೆಳಿಗ್ಗೆ ಪಾರ್ಕಿನಲ್ಲಿ ಸವೆಸುವ ಚಪ್ಪಲಿಯಲ್ಲಿ ಅರ್ಧವನ್ನಾದರೂ ಕಾರ್ಯದರ್ಶಿಗಳು ಎದುರಿನ ಶೆಡ್ಡುಗಳ ಕಡೆಗೆ ಸವೆಸಿದರೆ ಗಣತಿ ಇಲಾಖೆಗೆ ದೊಡ್ಡ ಉಪಕಾರ.

ಇಷ್ಟಾದರೂ ಅವರನ್ನು ಬಾಗಿಲಿನಿಂದ ಒಳಗೆ ಬಿಡಬಾರದು. ಬರೆಸಿದ ವಿವರ ಗೋಪ್ಯ, ಅದನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು ಅದೇ ಕಾಯ್ದೆಯ 15ನೇ ಸೆಕ್ಷನ್ ಹೇಳುತ್ತದೆ. ಬಾಡಿಗೆದಾರರ ಲೆಕ್ಕ ಕಾರ್ಯದರ್ಶಿಗಳ ಕಿವಿಗೆ ಬಿದ್ದರೆ ಸಂಜೆಯೊಳಗೆ ನೀರಿನ ಬಿಲ್ಲಾಗಿ ಹೊರಬರುತ್ತದೆ. 8ನೇ ಸೆಕ್ಷನ್ನಿನಲ್ಲಿ ಇನ್ನೊಂದು ಸೌಜನ್ಯವೂ ಇದೆ: ಹೆಂಗಸು ಗಂಡನ ಹೆಸರು ಹೇಳಲೇಬೇಕೆಂದಿಲ್ಲ. ಪಕ್ಕದಲ್ಲಿ ನಿಂತ ಕಾರ್ಯದರ್ಶಿ ಕೇಳದೆಯೇ ಆ ಹೆಸರನ್ನು ಇನಿಷಿಯಲ್ ಸಮೇತ ಹೇಳಿಬಿಟ್ಟರೆ ಏನು ಮಾಡಬೇಕೆಂದು ಮಾತ್ರ 1948ರವರಿಗೆ ಹೊಳೆದಿರಲಿಲ್ಲ.