ಅಧ್ಯಕ್ಷರ ಟೇಪು

ಗದಗ-ಬೆಟಗೇರಿಯಲ್ಲಿ ಛಾಪಖಾನೆಗಳಿಗೆ ಬರವಿಲ್ಲ. ಹಾಗಾಗಿ ಊರ ಹಳೇ ಗುಡಿಗಳನ್ನು ಕಾಯುವ ಸಮಿತಿಗಿಂತ ಮೊದಲು ಅದರ ಲೆಟರ್‌ಹೆಡ್ ಬಂತು. ಮೇಲೆ ತ್ರಿಕೂಟೇಶ್ವರ ಆವರಣದ ಸರಸ್ವತಿ ಗುಡಿಯ ಕಂಬದ ಚಿತ್ರ, ಅದರ ಪಕ್ಕ ಕಂಬಕ್ಕಿಂತ ದಪ್ಪ ಅಕ್ಷರದಲ್ಲಿ ಅಧ್ಯಕ್ಷರ ಹೆಸರು. ಸದಸ್ಯರ ಜಾಗ ಖಾಲಿ ಬಿಟ್ಟಿದ್ದರು; ಬಹುತೇಕ ಹಾಗೇ ಇದೆ.

ಇಂಥವರೊಬ್ಬರು ನಿಮ್ಮ ಊರಲ್ಲೂ ಇದ್ದಾರು. ನಿವೃತ್ತ ಇತಿಹಾಸ ಮಾಸ್ತರು. ಹೆಗಲಿಗೆ ಜೋಳಿಗೆ, ಅದರೊಳಗೆ ಮೂವತ್ತು ಮೀಟರಿನ ಟೇಪು, ಒಂದು ಬ್ರಷ್ಷು, ಸ್ಮಾರಕ ಕಾಯ್ದೆಯ 2010ರ ತಿದ್ದುಪಡಿಯ ಝೆರಾಕ್ಸು. ಅರ್ಧ ಕಪ್ ಚಹಾಕ್ಕೆ ನಾಲ್ಕು ಚಮಚ ಸಕ್ಕರೆ. ಬೆಟಗೇರಿಯ ವೀರಗಲ್ಲಿಗೆ ಯಾರಾದರೂ ಸೈಕಲ್ಲು ಆನಿಸಿದ್ದಾರೆಂದು ಗೊತ್ತಾದರೆ ಆ ಚಹಾವನ್ನೂ ಬಿಟ್ಟು ಓಡುತ್ತಾರೆ.

ಬಸ್ಸು ಹತ್ತಿದರೂ ಸುಮ್ಮನಿರುವವರಲ್ಲ. ಕಂಡಕ್ಟರ್ ಬಂದರೆ, “ಒಂದು ಪುಲಿಗೆರೆ ಕೊಡ್ರಿ” ಎನ್ನುತ್ತಾರೆ.

“ಆ ಊರು ಈ ರೂಟಿನ್ಯಾಗ ಬರಂಗಿಲ್ರಿ ಯಜಮಾನ್ರ, ಇಳೀರಿ.”

ಲಕ್ಷ್ಮೇಶ್ವರವೇ ಪುಲಿಗೆರೆ, ಕವಿರಾಜಮಾರ್ಗ ಹೇಳುವ ತಿರುಳ್ಗನ್ನಡದ ನಾಡಿನಲ್ಲಿ ಅದೂ ಒಂದು ಎಂದು ಅವರು ಬಿಡಿಸಿ ಹೇಳಿ ಮುಗಿಸುವಷ್ಟರಲ್ಲಿ ಸೋಮೇಶ್ವರನ ಊರು ಬಂದೇಬಿಟ್ಟಿರುತ್ತದೆ. ಟಿಕೇಟು ಪಕ್ಕದವರು ತೆಗೆಸಿರುತ್ತಾರೆ.

ನೆಂಟರು ಬಂದರೆ ಮುಂಡರಗಿ ತಾಲ್ಲೂಕಿನ ಡಂಬಳ ಕಡ್ಡಾಯ. ದೊಡ್ಡಬಸಪ್ಪನ ಗರ್ಭಗುಡಿಯ ಹೊರಗೋಡೆ ನಕ್ಷತ್ರದಂತೆ ಇಪ್ಪತ್ನಾಲ್ಕು ಮೂಲೆ ಚಾಚಿ ನಿಂತಿದೆ. ಹೇಳಿದರೆ ನಂಬುತ್ತೇವೆ, ಆದರೆ ಅವರು ಎಣಿಸಲು ಹಚ್ಚುತ್ತಾರೆ. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ನನ್ನ ಲೆಕ್ಕಕ್ಕೆ ಇಪ್ಪತ್ಮೂರೇ ಬಂದವು. “ಒಂದು ಸುತ್ತು ಮತ್ತ ಹಾಕ್ರಿ” ಎಂದರು, ಬೇವಿನ ನೆರಳಲ್ಲಿ ಕೂತು. ಎರಡನೇ ಸುತ್ತಿಗೆ ಇಪ್ಪತ್ನಾಲ್ಕು ಎಂದೆ. ಎಣಿಸಿರಲಿಲ್ಲ.

ಅವರಿಗೆ ಗುಡಿಯ ಶತ್ರು ಕಳ್ಳನಲ್ಲ, ಭಕ್ತ. ಕಳ್ಳ ಒಂದು ವಿಗ್ರಹ ಒಯ್ದಾನು. ಭಕ್ತ ಇಡೀ ಗುಡಿಗೆ ಆಯಿಲ್ ಪೇಂಟ್ ಬಳಿದು, ನೆಲಕ್ಕೆ ಟೈಲ್ಸ್ ಹಾಸಿ, ಬಾಗಿಲಿಗೆ ಸ್ಟೀಲ್ ಗ್ರಿಲ್ ಕೂರಿಸಿ, ಎಲ್ಲಕ್ಕೂ ಜೀರ್ಣೋದ್ಧಾರ ಎಂದು ಹೆಸರಿಡುತ್ತಾನೆ. ಆ ಶಬ್ದ ಕಿವಿಗೆ ಬಿದ್ದರೆ ಅಧ್ಯಕ್ಷರಿಗೆ ಉಂಡದ್ದು ಜೀರ್ಣವಾಗುವುದಿಲ್ಲ. ಒಮ್ಮೆ ಹಳ್ಳಿಯೊಂದರಲ್ಲಿ ಕೆತ್ತನೆಯ ಕಂಬಕ್ಕೆ ದಾನಿಗಳ ಹೆಸರಿನ ಗ್ರಾನೈಟ್ ಫಲಕ ಬಡಿಯುವುದನ್ನು ತಡೆಯಲು ಹೋಗಿದ್ದರು. ನಾನೂ ಜೊತೆಗಿದ್ದೆ. ಅಲ್ಲಿಯ ಹಿರಿಯರು ಬಹಳ ಮರ್ಯಾದೆಯಿಂದಲೇ ಕೇಳಿದರು:

“ಸರ, ಲಕ್ಕುಂಡ್ಯಾಗ ಅತ್ತಿಮಬ್ಬಿ 1007ರಾಗ ಬಸದಿ ಕಟ್ಟಿಸಿದ್ದು ಕಲ್ಲಿನ ಮ್ಯಾಲ ಬರದದ್ದೈತಿ ಅಂತ ನೀವ ಪಾಠ ಮಾಡೀರಿ. ಆಕಿ ಬರಸಿದ್ರ ಶಾಸನ, ನಾವು ಬರಸಿದ್ರ ಅಪರಾಧ ಹೆಂಗ್ರಿ?”

ಅಧ್ಯಕ್ಷರು ಕನ್ನಡಕ ಒರೆಸಿದರು. ಮತ್ತೊಮ್ಮೆ ಒರೆಸಿದರು. “ಒಂದು ಸಾವಿರ ವರ್ಷ ತಡೀರಿ, ನಿಮ್ದೂ ಶಾಸನ ಆಗತೈತಿ” ಎಂದರು. ನನಗನ್ನಿಸಿತು, ಗೆದ್ದವರು ಹಿರಿಯರೇ. ಆದರೆ ಅಧ್ಯಕ್ಷರ ಬಳಿ ಇನ್ನೊಂದು ಅಸ್ತ್ರವಿತ್ತು. ಸಂರಕ್ಷಿತ ಸ್ಮಾರಕ ಕೆಡಿಸಿದರೆ ಕಾಯ್ದೆಯಲ್ಲಿ ಹೆಚ್ಚೆಂದರೆ ಎರಡು ವರ್ಷ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕೆ ಯಾರೂ ಹೆದರಲಿಲ್ಲ. ಹಳೇ ದಾನಶಾಸನಗಳ ಕೊನೆಗೆ ಬರುವ ಶಾಪ ಹೇಳಿದರು: ಕೊಟ್ಟ ದಾನ ಕೆಡಿಸಿದವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ. ಗೌಂಡಿ ಡ್ರಿಲ್ ಮಷೀನು ಕೆಳಗಿಟ್ಟ.

ಇಷ್ಟೆಲ್ಲ ಗೆದ್ದವರು ಸೋತದ್ದು ಮನೆಯಲ್ಲಿ. ಮಗನ ಮದುವೆ ಗೊತ್ತಾಗಿತ್ತು, ಮಾಳಿಗೆ ಮೇಲೊಂದು ಕೋಣೆ ಬೇಕಿತ್ತು. ಮನೆಯೋ ತ್ರಿಕೂಟೇಶ್ವರನ ಹಿಂದಿನ ಓಣಿಯಲ್ಲಿ. ಸಂರಕ್ಷಿತ ಗಡಿಯಿಂದ ನೂರು ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆಯ ಇನ್ನೂರು ಮೀಟರಿಗೆ ಅನುಮತಿ ಬೇಕು ಎಂದು ಓಣಿಗೆಲ್ಲ ಝೆರಾಕ್ಸು ಹಂಚಿದವರು ಅವರೇ. ಒಂದು ನಸುಕಿನಲ್ಲಿ, ಓಣಿ ಏಳುವ ಮೊದಲು, ಗಂಡ ಹೆಂಡತಿ ಟೇಪು ಹಿಡಿದು ಹೊರಟರು. ಮೂರು ಟೇಪು ಮುಗಿದು ಮೇಲೆ ನಾಲ್ಕು ಮೀಟರಿಗೆ ಮನೆ ಕಟ್ಟೆ ಬಂತು.

“ಇನ್ನಾ ಆರು ಮೀಟರ್ ಅಷ್ಟ ಅಲ್ರೀ?” ಎಂದರು ಆ ತಾಯಿ. “ಟೇಪು ಅಷ್ಟ್ಯಾಕ ಜಗ್ಗೀರಿ? ಒಂಚೂರು ಸಡ್ಲ ಬಿಡ್ರಿ, ನೂರೊಂದು ತಾನ ಆಗತೈತಿ.”

ಅಧ್ಯಕ್ಷರು ಗುಡಿಯ ಗೋಡೆ ನೋಡಿದರು, ಹೆಂಡತಿಯ ಮುಖ ನೋಡಿದರು, ಟೇಪನ್ನು ಇನ್ನಷ್ಟು ಬಿಗಿಯಾಗಿ ಜಗ್ಗಿದರು. ತೊಂಬತ್ನಾಲ್ಕಕ್ಕೆ ಎರಡು ಬೊಟ್ಟು ಕಡಿಮೆಯೇ ಬಂತು.

ಅವತ್ತಿನಿಂದ ಅವರ ಚಹಾಕ್ಕೆ ಒಂದೇ ಚಮಚ ಸಕ್ಕರೆ. ಅದೂ ಬೆರಳಿಂದ ಸವರಿ ಸಮ ಮಾಡಿದ್ದು.