ವನ್ಯಲೆನ್ಸ್ ಮೀಮಾಂಸೆ (ಸಭಾಷ್ಯ)

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಿಬಿಡಬೇಕು. ವಿಷಯ: ಕಾಡಿನ ಫೋಟೊಗೆ ಯಾವ ಲೆನ್ಸ್, ಯಾವ ಸೆಟ್ಟಿಂಗ್. ಪ್ರಯೋಜನ: ವಾಟ್ಸ್ಆ್ಯಪ್ ಸ್ಟೇಟಸ್. ಸಂಬಂಧ: ಸಾಧಕನಿಗೂ ಬ್ಯಾಂಕಿಗೂ ತಿಂಗಳ ಐದನೇ ತಾರೀಕು ಏರ್ಪಡುವಂಥದ್ದು. ಅಧಿಕಾರಿ: ಬೆಳಗಿನ ಜಾವ ಏಳಬಲ್ಲವನು. ಈ ಕೊನೆಯದು ಇಲ್ಲದವರು ಇಲ್ಲಿಗೇ ಗ್ರಂಥ ಮುಚ್ಚಬಹುದು.

ಸೂತ್ರ 1: ಎಕ್ಸ್‌ಪೋಷರ್ ಮೂವರ ಕೈಯಲ್ಲಿದೆ.

ಭಾಷ್ಯ: ಅಪರ್ಚರ್, ಶಟರ್, ಐಎಸ್‌ಒ ಎಂಬವರೇ ಆ ಮೂವರು. ಎಫ್ 4ರಿಂದ 5.6ಕ್ಕೆ ಹೋದರೆ ಬೆಳಕು ಅರ್ಧವಾಗುತ್ತದೆ. ಶಟರ್ 1/500ರಿಂದ 1/1000ಕ್ಕೆ ಹೋದರೂ ಅಷ್ಟೇ. ಇವರನ್ನು ಆಳುವ ಬಗೆಯಲ್ಲಿ ಮೂರು ಮತಗಳಿವೆ. ಮೂವರನ್ನೂ ಬೇರೆಬೇರೆಯಾಗಿಯೇ ತಿರುಗಿಸುವ ಮ್ಯಾನುಯಲ್‌ನವರು ದ್ವೈತಿಗಳು. ಅಪರ್ಚರ್, ಶಟರ್ ತಮ್ಮಲ್ಲಿಟ್ಟುಕೊಂಡು ಐಎಸ್‌ಒ ವಿಷಯದಲ್ಲಿ ಕ್ಯಾಮೆರಾಕ್ಕೆ ಶರಣಾದವರು ವಿಶಿಷ್ಟಾದ್ವೈತಿಗಳು. ಫುಲ್ ಆಟೊದವರು ಅದ್ವೈತಿಗಳು. ತೆಗೆದವರು ಯಾರೆಂಬ ಭೇದವೇ ಅವರಲ್ಲಿಲ್ಲ. ಕಾಡಿನಲ್ಲಿ ನಡುವಿನ ಮತವೇ ಮೇಲು. ಬಿದಿರುಮೆಳೆಯ ನೆರಳಿನಿಂದ ಹುಲಿ ಬಿಸಿಲಿಗೆ ದಾಟುವಾಗ ಮೂರನ್ನೂ ತಿರುಗಿಸುತ್ತ ಕೂರುವಷ್ಟು ಪುರಸೊತ್ತು ಯಾರಿಗೂ ಇರದು. ಕೂತ ಹಕ್ಕಿಗೆ 1/500 ಸೆಕೆಂಡ್ ಸಾಕು. ಹಾರುವ ಮಿಂಚುಳ್ಳಿಗೆ 1/2000 ಕೂಡ ಸಾಲದೆ ಹೋದೀತು.

ಸೂತ್ರ 2: ಕ್ಯಾಮೆರಾ ಸಮದರ್ಶಿ, ಅದೇ ಅದರ ದೋಷ.

ಭಾಷ್ಯ: ಮೀಟರಿನ ಕಣ್ಣಿಗೆ ಜಗತ್ತೆಲ್ಲ ಸರಾಸರಿ ಬೂದು. ಹಂಪಿ ಸಮೀಪದ ದರೋಜಿಯ ಕರಡಿ ಚೌಕಟ್ಟು ತುಂಬಿದರೆ ಅದನ್ನು ಬೂದಿ ಬಳಿದ ಬೈರಾಗಿ ಮಾಡಿಬಿಡುತ್ತದೆ. ರಂಗನತಿಟ್ಟಿನ ಬೆಳ್ಳಕ್ಕಿ ತುಂಬಿದರೆ ಅದೂ ಒಗೆಯದ ಪಂಚೆಯ ಬಣ್ಣಕ್ಕಿಳಿಯುತ್ತದೆ. ಆದ್ದರಿಂದ ಕರಡಿಗೆ ಮೈನಸ್ ಒಂದು, ಬೆಳ್ಳಕ್ಕಿಗೆ ಪ್ಲಸ್ ಒಂದು ಎಂಬುದು ಪ್ರಾಯಶ್ಚಿತ್ತ ವಿಧಿ.

ಸೂತ್ರ 3: ಆಶ್ರಮಗಳು ನಾಲ್ಕು.

ಭಾಷ್ಯ: ಕ್ಯಾಮೆರಾದ ಜೊತೆ ಬಂದ 18-55ರಲ್ಲಿ ಜೇಡ, ಹೂವು, ಅತ್ತೆಯ ಮನೆಯ ಬೆಕ್ಕು ತೆಗೆಯುವುದು ಬ್ರಹ್ಮಚರ್ಯ. ಕಂತಿನ ಮೇಲೆ 150-600 ತಂದು, ಮನೆಯಲ್ಲಿ ಅರ್ಧ ಬೆಲೆ ಹೇಳುವುದು ಗಾರ್ಹಸ್ಥ್ಯ. ಹತ್ತು ಲಕ್ಷ ದಾಟುವ 600 ಎಫ್ 4 ಕೊಂಡು ಕಬಿನಿಯ ರೆಸಾರ್ಟ್ ಸೇರುವುದು ವಾನಪ್ರಸ್ಥ. ಈ ಲೆನ್ಸಿನ ಗಾತ್ರಕ್ಕೆ ಕಾರಣ ಸರಳ ಭಾಗಾಕಾರ: 600ನ್ನು 4ರಿಂದ ಭಾಗಿಸಿದರೆ 150 ಮಿಲಿಮೀಟರ್, ಅಂದರೆ ಬಾಯಿಯೇ ಸುಮಾರು ಆರು ಇಂಚು, ತೂಕ ಮೂರು ಕಿಲೋಗೂ ಮಿಗಿಲು. ಸೊಂಟ ಹಿಡಿದ ಮೇಲೆ ಎಲ್ಲವನ್ನೂ ಮಾರಿ ಒಂದು ಬೈನಾಕ್ಯುಲರ್ ಉಳಿಸಿಕೊಳ್ಳುವುದು ಸಂನ್ಯಾಸ. ಹಕ್ಕಿಗಳು ಕಾಣತೊಡಗುವುದು ಈ ಘಟ್ಟದಲ್ಲಿ.

ಪೂರ್ವಪಕ್ಷ: ಉದ್ದ ಲೆನ್ಸಿಗೆ ದೂರವೆಂಬುದೇ ಇಲ್ಲವಲ್ಲ?

ಸಮಾಧಾನ: ಇದೆ. ದರೋಜಿಯಲ್ಲಿ ಕರಡಿಗಳು ಬಂಡೆಗೆ ಸವರಿದ ಬೆಲ್ಲದ ಪಾಕ ನೆಕ್ಕಲು ಇಳಿಯುವ ಮಧ್ಯಾಹ್ನ, ವೀಕ್ಷಣಾ ಗೋಪುರದಿಂದ ನೋಡಿರಿ. ಕಾದ ಕಲ್ಲಿನ ಮೇಲೆ ಬಿಸಿಗಾಳಿಯ ಪದರಗಳು ಬೆಳಕನ್ನು ಅತ್ತಿತ್ತ ಬಾಗಿಸುತ್ತವೆ. ಲೆನ್ಸ್ ಕರಡಿಯನ್ನು ಹಿಗ್ಗಿಸುವಷ್ಟೇ ನಿಷ್ಠೆಯಿಂದ ಆ ನಡುಕವನ್ನೂ ಹಿಗ್ಗಿಸುತ್ತದೆ. ಶಟರ್ 1/4000ಕ್ಕೆ ಏರಿಸಿದರೂ ಕೂದಲು ಕೂದಲಾಗಿ ಬಾರದು.

ಇನ್ನು ಹತ್ತಿರದ ಕಷ್ಟ ಬೇರೆ. ಕಬಿನಿಯ ಜೀಪ್. ಚಾಲಕ ಎಂಜಿನ್ ಆರಿಸಿದ್ದಾನೆ. ಹುಲಿ ಲಂಟಾನ ಸರಿಸಿಕೊಂಡು ಹತ್ತು ಮೀಟರಿನಲ್ಲಿ ಬಂದು ನಿಂತಿದೆ. ಫುಲ್‌ಫ್ರೇಮ್ ಕ್ಯಾಮೆರಾದ 600ರಲ್ಲಿ ಅಷ್ಟು ದೂರಕ್ಕೆ ಹಿಡಿಸುವುದು ಎರಡಡಿ ಅಗಲ. "ಸಾರ್, ಹಿಂದೆ ಹೋಗಪ್ಪ ಅನ್ನಿ ಅವನಿಗೆ," ಎಂದು ವಾನಪ್ರಸ್ಥರು ಪಿಸುಗುಟ್ಟುತ್ತಾರೆ. ಹಿಂದಿನ ಸೀಟಿನ ಬ್ರಹ್ಮಚಾರಿಗೆ ಹುಲಿ ಬಾಲಸಮೇತ ಸಿಕ್ಕಿರುತ್ತದೆ. ವಾನಪ್ರಸ್ಥರು ಮೀಸೆ ಎಣಿಸಿಕೊಂಡು ಬರುತ್ತಾರೆ. ಜೀಪಿನಲ್ಲಿ ಟ್ರೈಪಾಡ್ ಬಿಚ್ಚಲು ಹೋಗಿ ಪಕ್ಕದವರ ಕಾಲಿಗೆ ಗುದ್ದಿದವರದು ಬೇರೆಯೇ ಗತಿ. ಅವರಿಗೆ ರಾಗಿ ತುಂಬಿದ ಬಟ್ಟೆಚೀಲವೇ ಪರಿಹಾರ. ಅದನ್ನು ಕಂಬಿಯ ಮೇಲಿಟ್ಟು ಲೆನ್ಸ್ ಒರಗಿಸಿದರೆ ಅಲುಗಾಟ ನಿಲ್ಲುತ್ತದೆ, ಟೂರು ಮುಗಿದ ಮೇಲೆ ಮುದ್ದೆಯೂ ಆಗುತ್ತದೆ.

ಸೂತ್ರ 4: ಒತ್ತಿದ್ದೆಲ್ಲ ಚಿತ್ರವಲ್ಲ.

ಭಾಷ್ಯ: ಮೂಡಿಗೆರೆಯ ತೇಜಸ್ವಿಯವರು ಹಕ್ಕಿಗಳ ಹಿಂದೆ ಬಿದ್ದಿದ್ದ ಫಿಲ್ಮ್ ಕಾಲದಲ್ಲಿ ಒಂದು ರೋಲಿಗೆ 36 ಫ್ರೇಮ್. ಸೆಕೆಂಡಿಗೆ 20 ಒತ್ತುವ ಇಂದಿನ ಕ್ಯಾಮೆರಾ ಆ ರೋಲನ್ನು ಎರಡು ಸೆಕೆಂಡಿನೊಳಗೆ ನುಂಗುತ್ತದೆ. ಉಳಿದ ಆಯುಷ್ಯವೆಲ್ಲ ಒಂದೇ ಮರಕುಟಿಕದ ಸಾವಿರ ಫೋಟೊಗಳಲ್ಲಿ ಯಾವುದನ್ನು ಅಳಿಸುವುದೆಂಬ ಧ್ಯಾನಕ್ಕೆ ಮೀಸಲು.

ಸಿದ್ಧಾಂತ: ಚಿತ್ರಕ್ಕೆ ಮೊದಲನೆಯ ಕಾರಣ ಬೆಳಗಿನ ಬೆಳಕು, ಎರಡನೆಯದು ಪ್ರಾಣಿಗೂ ನಮಗೂ ಇರುವ ಅಂತರ, ಮೂರನೆಯದು ಲೆನ್ಸ್. ಅಂಗಡಿಯಲ್ಲಿ ಸಿಗುವುದು ಮೂರನೆಯದೊಂದೇ ಆದ್ದರಿಂದ ಶಾಸ್ತ್ರಚರ್ಚೆಯೆಲ್ಲ ಅದರ ಸುತ್ತಲೇ ನಡೆದಿದೆ.

ಫಲಶ್ರುತಿ: ಇದನ್ನು ಓದಿದವರಿಗೆ ಹುಲಿ ಕಾಣಿಸುತ್ತದೆಂಬ ಭರವಸೆಯಿಲ್ಲ. ಹೊರಡುವ ಹಿಂದಿನ ರಾತ್ರಿ ಬ್ಯಾಟರಿ ಚಾರ್ಜಿಗೆ ಹಾಕಿ, ಕಾರ್ಡ್ ಖಾಲಿ ಮಾಡಿ, ಸಂಜೆ 6400ಕ್ಕೆ ಏರಿಸಿದ್ದ ಐಎಸ್‌ಒ ಇಳಿಸಿಡಿ. ಹೊಸ ಲೆನ್ಸಿಗೆ ಸಾಲ ಮಾಡುವ ಮುಂಚೆ ಒಂದು ತಿಂಗಳು ಐದು ಗಂಟೆಗೆ ಎದ್ದು ನೋಡಿ; ಆಗದಿದ್ದರೆ ಸಾಲ ಉಳಿಯಿತು.