ಆಟ ನಡೆಸುವ ಗೆಳೆಯನಿಗೆ, ಕೊನೇ ಭಾಗದಿಂದ



ಪ್ರತಿ ಭಾನುವಾರ ಹರಿಹರದಿಂದ ಬಸ್ ಹಿಡಿದು ದಾವಣಗೆರೆಯ ನಿಮ್ಮ ಮನೆಗೆ ನಾನು ಬರುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುವ ಆಟ ಆಡಲಿಕ್ಕೆ. ಮಂಡಕ್ಕಿ-ಮಿರ್ಚಿ ತಟ್ಟೆಯ ಪಕ್ಕದಲ್ಲಿ ಇಪ್ಪತ್ತು ಮುಖದ ದಾಳ. ವಾರವೆಲ್ಲ ಅದಕ್ಕೇ ಕಾಯುತ್ತೇನೆ. ಕಳೆದ ವಾರದ್ದನ್ನು ಬಹಿರಂಗವಾಗಿ ಬರೆಯುತ್ತಿರುವುದು, ಈ ಆಟ ನಡೆಸುವ ಎಲ್ಲರೂ ಓದಲಿ ಎಂದು.

ಗುಹೆಯ ಬಾಗಿಲಲ್ಲೇ ನಮ್ಮ ಮಾಂತ್ರಿಕ ಇದ್ದಬದ್ದ ಮಂತ್ರವನ್ನೆಲ್ಲ ಸುರಿದ. ನಾಲ್ವರು ರಾಕ್ಷಸರು ಬಿದ್ದರು. ‘ಮಲಗೋಣ’ ಅಂದ, ನೀನು ಹೂಂ ಅಂದೆ. ಎಂಟು ತಾಸಿನ ನಿದ್ದೆ, ಮಂತ್ರ ಮತ್ತೆ ಭರ್ತಿ. ಮುಂದಿನ ಕೋಣೆಯಲ್ಲೂ ಅದೇ ಕತೆ. ನನ್ನ ಕಟ್ಟಾಳು ಸಂಜೆವರೆಗೆ ದಾಳ ಉರುಳಿಸಿದ್ದು ಮೂರೇ ಸಲ.

ಈ ಆಟದ 2014ರ ನಿಯಮ ಪುಸ್ತಕದ ಅಂದಾಜು ಬೇರೆಯೇ ಇದೆ: ದಿನಕ್ಕೆ 6ರಿಂದ 8 ಕಾಳಗ, ನಡುನಡುವೆ ತಾಸು ತಾಸಿನ ಎರಡು ವಿರಾಮ, ಕೊನೆಗೆ ದೀರ್ಘ ನಿದ್ದೆ. ಕಟ್ಟಾಳಿಗೆ ಒಂದು ತಾಸು ಕೂತರೆ ಕಸುವು ಮರಳುತ್ತದೆ. ಮಾಂತ್ರಿಕನ ಹೆಚ್ಚಿನ ಮಂತ್ರಗಳಿಗೆ ರಾತ್ರಿಯೇ ಬೇಕು. ಕೇಳಿದಾಗೆಲ್ಲ ರಾತ್ರಿ ಕೊಟ್ಟರೆ ಅವನೊಬ್ಬನದೇ ಆಟ.

ಒಬ್ಬನೇ ಎಲ್ಲ ಬಳಸಿ ಉಳಿದವರು ಬರಿಗೈಯಲ್ಲಿ ಕೂರುವ ಈ ಸಂಕಟ ನಮ್ಮ ಮನೆಯಲ್ಲಿ ಹಳೆಯದು. ನಮ್ಮ ಗದ್ದೆ ಇರುವುದು ಭದ್ರಾ ನಾಲೆಯ ಕೊನೇ ಭಾಗದಲ್ಲಿ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ ಪೂರ್ತಿ 186 ಅಡಿ ತುಂಬಿದ ವರ್ಷವೂ, ಮೇಲಿನವರು ತೂಬು ಎತ್ತಿಟ್ಟುಕೊಂಡರೆ ನಮ್ಮಲ್ಲಿ ನೆಲ ಬಿರಿಯುತ್ತದೆ. ರಾತ್ರಿ ಎರಡು ಗಂಟೆಗೆ ಅಪ್ಪ ಬ್ಯಾಟರಿ ಆರಿಸಿ, ಸಲಿಕೆ ಮಡಿಲಲ್ಲಿಟ್ಟುಕೊಂಡು, ಕಾಲುವೆ ಏರಿಯ ಮೇಲೆ ನೀರಿನ ಸದ್ದಿಗೆ ಕಿವಿಗೊಟ್ಟು ಕೂತದ್ದನ್ನು ನೋಡಿದ್ದೇನೆ. ಇಷ್ಟು ದಿನ ಬಿಡುತ್ತೇವೆ, ಇಷ್ಟು ದಿನ ನಿಲ್ಲಿಸುತ್ತೇವೆ ಎಂದು ಮೊದಲೇ ಹೇಳಿದರೆ ರೈತ ನಾಟಿ, ಗೊಬ್ಬರ ಎಲ್ಲವನ್ನೂ ಅದಕ್ಕೆ ಹೊಂದಿಸಿಕೊಳ್ಳುತ್ತಾನೆ. 2023ರ ಬರದಲ್ಲಿ ಸತತ ನೀರೆಂದು ನಂಬಿ ನಾಟಿ ಮಾಡಿದ ಮೇಲೆ ನಿಲ್ಲಿಸುವ ಮಾತು ಬಂತು. ದಾವಣಗೆರೆಯ ರೈತರು ಬೀದಿಗಿಳಿದದ್ದು ಅದಕ್ಕೇ.

ನಮ್ಮ ಮೇಜಿಗೆ ನೀನೇ ನೀರುಗಂಟಿ. ಎಲ್ಲಿ ಮಲಗಬಹುದು, ಎಲ್ಲಿ ಮಲಗಿದರೆ ಶತ್ರು ಎಚ್ಚೆತ್ತು ಕೋಟೆ ಭದ್ರ ಮಾಡಿಕೊಳ್ಳುತ್ತಾನೆ ಎಂಬುದನ್ನು ಮೊದಲೇ ತಿಳಿಸು. ಆಗ ಮಾಂತ್ರಿಕ ಒಂದು ಮಂತ್ರ ಉಳಿಸಿಕೊಳ್ಳುತ್ತಾನೆ, ಅದನ್ನು ಯಾವಾಗ ಬಿಡಲಿ ಎಂದು ನಾವೆಲ್ಲ ಉಸಿರು ಹಿಡಿದು ಯೋಚಿಸುತ್ತೇವೆ. ನನಗೆ ಆಟದ ಸವಿ ಇರುವುದು ಆ ಗಳಿಗೆಯಲ್ಲಿ.

ಬರುವ ಭಾನುವಾರ ದಾಳ ಮುಟ್ಟುವ ಮೊದಲು ನಿದ್ದೆಯ ಸರದಿ ಹೇಳಿಬಿಡು. ಹತ್ತರ ಬಸ್ಸಿಗೆ ಬರುತ್ತೇನೆ.

ಇಂತಿ,
ನಿನ್ನ ಕಟ್ಟಾಳು, ಹರಿಹರ